ಪಾರು ನಡೆಯದಿದ್ದ ದಿನಗಳು

ಮೊಳಕೆ ಕಟ್ಟಿದ ರಾಗಿಯನ್ನು ಒಣಗಿಸಿ ಬಾಣಲೆಯಲ್ಲಿ ಹುರಿಯುವಾಗ ಒಂದು ಸಿಹಿಯಾದ, ಸ್ವಲ್ಪ ಸೀದ ಘಮ ಏಳುತ್ತದೆ. ಹೋದ ತಿಂಗಳು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ, ನಮ್ಮ ಪಕ್ಕದ ಮನೆಯವರು ಮೊಮ್ಮಗುವಿಗೆ ಉಣಿಸುವ ಸರಿಗೆಂದು ರಾಗಿ ಹುರಿಯುತ್ತಿದ್ದರು. ಬಟ್ಟೆ ಒಣಹಾಕುತ್ತಿದ್ದ ನಾನು ಒದ್ದೆ ಸೀರೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತೆ. ದುಃಖವಾಯಿತು ಎಂದರೆ ಸುಳ್ಳಾಗುತ್ತದೆ. ಗುಬ್ಬಿಯ ನಮ್ಮ ಮನೆಯ ಪಡಸಾಲೆ, ಅದರ ಕೆಂಪು ಗಾರೆಯ ನೆಲ, ಆ ನೆಲದ ಮೇಲೆ ಕುಂಡೆಯೂರಿ ತೆವಳುತ್ತ ಬರುವ ಪಾರು, ಎಲ್ಲ ಕಣ್ಣ ಮುಂದೆ ಬಂದು ಹೋಯಿತು, ಅಷ್ಟೇ. ನೀವೂ ನನ್ನಂತೆ ಒಂದು ಮನೆಯನ್ನು ಕಳೆದುಕೊಂಡವರಾದರೆ, ಕೆಲವು ನೆನಪುಗಳು ನೋಯಿಸದೆ ಸುಮ್ಮನೆ ಎದುರಿಗೆ ಬಂದು ಕೂರುತ್ತವೆ ಎಂಬುದು ನಿಮಗೆ ಗೊತ್ತಿರುತ್ತದೆ.

ಪಾರು ನನ್ನ ಅಕ್ಕನ ಮಗಳು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ, ನಾನಿನ್ನೂ ಲಂಗ ಹಾಕುತ್ತಿದ್ದೆ. ಅಕ್ಕನನ್ನು ಕುಣಿಗಲ್ಲಿಗೆ ಕೊಟ್ಟಿದ್ದರು. ಭಾವನದು ಅಲ್ಲಿ ಸೈಕಲ್ ಅಂಗಡಿ. ಬಾಣಂತನಕ್ಕೆಂದು ಗುಬ್ಬಿಗೆ ಬಂದ ಅಕ್ಕ ಮಗುವನ್ನು ಹೆತ್ತು, ಜ್ವರ ಹಿಡಿದು, ವಾರ ಕಳೆಯುವುದರೊಳಗೆ ತೀರಿಹೋದಳು. ಅವಳ ಶಿವಗಣಾರಾಧನೆಯ ದಿನ ಭಾವ ತೊಟ್ಟಿಲ ಪಕ್ಕ ಬಹಳ ಹೊತ್ತು ನಿಂತಿದ್ದು ಅಮ್ಮನಿಗೆ ಹೇಳಿದರು: "ನಡ್ಯೋ ಹಂಗಾಗ್ಲಿ ಅತ್ತೆ, ಆಮೇಲೆ ಕರ್ಕೊಂಡ್ ಹೋಗ್ತೀನಿ. ಅಲ್ಲೀವರ್ಗೂ ನೀವೇ ನೋಡ್ಕೋಬೇಕು." ಅಮ್ಮ ತಲೆಯಾಡಿಸಿದಳು. ಅಕ್ಕನಿಗಾಗಿ ಕೂತು ಅಳಲು ನಮ್ಮ ಮನೆಯಲ್ಲಿ ಯಾರಿಗೂ ಪುರುಸೊತ್ತಾಗಲಿಲ್ಲ. ಹಾಲು ಕಾಯಿಸಬೇಕಿತ್ತು, ಬಟ್ಟೆ ಬದಲಿಸಬೇಕಿತ್ತು. ಮಗು ಅತ್ತಾಗ ಎಲ್ಲರೂ ಅತ್ತ ಓಡುತ್ತಿದ್ದೆವು. ಅಕ್ಕನ ಹೆಸರು ಹೇಳುವುದು ಮನೆಯಲ್ಲಿ ಯಾವಾಗ ನಿಂತುಹೋಯಿತೋ ನನಗೆ ತಿಳಿಯಲಿಲ್ಲ.

ಬೆಳಗ್ಗೆ ಅಮ್ಮ ಚಾಚಿದ ಕಾಲುಗಳ ಮೇಲೆ ಪಾರುವನ್ನು ಮಲಗಿಸಿಕೊಂಡು ಬಿಸಿನೀರು ಎರೆಯುತ್ತಿದ್ದಳು. ಆಮೇಲೆ ಸಾಂಬ್ರಾಣಿ ಹೊಗೆ, ಹಣೆಗೆ ವಿಭೂತಿ, ಬೆಳ್ಳಿ ಬಟ್ಟಲಿನಲ್ಲಿ ಸರಿ. ಅಮ್ಮ ಪ್ರತಿ ತುತ್ತನ್ನೂ ಊದಿ ಕೊಡುತ್ತಿದ್ದುದರಿಂದ, ತಿನ್ನುವುದಕ್ಕೆ ಮೊದಲು ಏನನ್ನಾದರೂ ಊದಲೇಬೇಕೆಂದು ಪಾರು ತಿಳಿದಿದ್ದಳು. ತಣ್ಣೀರನ್ನೂ ಊದುತ್ತಿದ್ದಳು, ಬಾಳೆಹಣ್ಣನ್ನೂ ಊದುತ್ತಿದ್ದಳು. ಸ್ಟೇಷನ್ ಕಡೆಯಿಂದ ರೈಲಿನ ಕೂಗು ಕೇಳಿದರೆ ಹೆಂಚಿನ ಮಾಡನ್ನೇ ನೋಡುತ್ತಿದ್ದಳು, ರೈಲು ಅಲ್ಲಿ ಓಡುತ್ತದೆಂಬಂತೆ. ಬಚ್ಚಿಟ್ಟುಕೊಳ್ಳಬೇಕೆನಿಸಿದಾಗ ಪಡಸಾಲೆಯ ನಡುಮಧ್ಯೆ ಕೂತು ಕಣ್ಣು ಮುಚ್ಚುತ್ತಿದ್ದಳು, ನಾವು ಹುಡುಕಬೇಕಿತ್ತು. ಬರುವುದಕ್ಕೂ ಹೋಗುವುದಕ್ಕೂ ಅವಳಲ್ಲಿ ಇದ್ದದ್ದು "ಬಾ" ಎಂಬ ಒಂದೇ ಮಾತು. ನಾನು ಅವಳಿಗೆ "ಚಿಮ್ಮ". ಅಮ್ಮನ ಕಿವಿಯೋಲೆ ಬೆರಳಿಗೆ ಸಿಗದೆ ನಿದ್ದೆ ಹೋಗುತ್ತಿರಲಿಲ್ಲ. ಯಾರಾದರೂ ಎದ್ದು ನಿಂತರೆ ಸಾಕು, ಬಾಗಿಲವರೆಗೆ ತೆವಳಿಕೊಂಡು ಹೋಗಿ, ಅವರ ಚಪ್ಪಲಿ ಎಳೆದುಕೊಂಡು ಬಂದು ಕೊಡುತ್ತಿದ್ದಳು. ನೆಂಟರು ನಗುತ್ತಿದ್ದರು: "ಹೊರಡಿ ಅಂತಾವ್ಳೆ ನೋಡು."

ಆದರೆ ಅವಳು ನಡೆಯಲಿಲ್ಲ. ವರ್ಷ ತುಂಬಿ ಎಷ್ಟೋ ಕಾಲ ಕಳೆದಿತ್ತು, ಬೀದಿಯ ಸರೀಕ ಮಕ್ಕಳೆಲ್ಲ ಓಡಾಡುತ್ತಿದ್ದವು. "ಡಾಕ್ಟ್ರಿಗ್ ತೋರ್ಸ್ಬಾರ್ದಾ?" ಎಂದು ಎದುರುಮನೆಯವರು ಕೇಳಿದರೆ ಅಮ್ಮ, "ನಡೀತಾಳೆ ಬುಡಿ, ಏನ್ ಅವಸ್ರ" ಎನ್ನುತ್ತಿದ್ದಳು. ಅಪ್ಪ ತುಮಕೂರಿನಿಂದ ಮೂರು ಗಾಲಿಯ ಮರದ ಗಾಡಿ ತಂದರು, ಹಿಡಿದುಕೊಂಡು ನಡೆಯಲಿ ಎಂದು. ಅಮ್ಮ ಅದನ್ನು ಅಟ್ಟದ ಮೇಲಿಟ್ಟಳು. ಸೊಂಟದಿಂದ ಮಗುವನ್ನು ಇಳಿಸುತ್ತಲೇ ಇರಲಿಲ್ಲ. ಒಲೆ ಮುಂದೆಯೂ ಅಲ್ಲೇ, ಬಾವಿಕಟ್ಟೆಯಲ್ಲೂ ಅಲ್ಲೇ. ಭಾವ ಆಗಾಗ ಬಿಸ್ಕತ್ತಿನ ಪೊಟ್ಟಣ ಹಿಡಿದು ಕುಣಿಗಲ್ಲಿನಿಂದ ಬರುತ್ತಿದ್ದರು. "ನಡೀತಾಳಾ ಅತ್ತೆ?" ಎಂದು ಕೇಳುತ್ತಿದ್ದರು. "ಇನ್ನೂ ಇಲ್ಲ."

ಒಂದು ಮಧ್ಯಾಹ್ನ ಅಮ್ಮ ಬಾಗಿಲಿಗೆ ಬೆನ್ನು ಹಾಕಿ ಸರಿಹಿಟ್ಟನ್ನು ತೆಳು ಬಟ್ಟೆಯಲ್ಲಿ ಸೋಸುತ್ತಿದ್ದಳು. ಕಂಬ ಹಿಡಿದು ನಿಂತಿದ್ದ ಪಾರು ಕೈ ಬಿಟ್ಟಳು. ಹೊಟ್ಟೆ ಮುಂದೆ ಮಾಡಿಕೊಂಡು, ತೂರಾಡುತ್ತ, ಯಾರೋ ಕರೆದವರಂತೆ ನೇರವಾಗಿ ನಡೆದು ಬಂದು ಅಮ್ಮನ ಬೆನ್ನಿಗೆ ಬಿದ್ದಳು. ಅಪ್ಪನ ಬಟ್ಟೆಯಂಗಡಿಗೆ ಓಡಿ ಹೇಳಲೆಂದು ನಾನು ಎದ್ದೆ. ಅಮ್ಮ ಹಿಟ್ಟಿನ ಕೈಯಲ್ಲೇ ನನ್ನ ಲಂಗ ಹಿಡಿದಳು. "ಯಾರ್ಗೂ ಹೇಳ್ಬೇಡ ಕಣೇ" ಎಂದಳು. ಅವಳ ಮುಖದಲ್ಲಿ ಸಂತೋಷವೂ ಇರಲಿಲ್ಲ, ಗಾಬರಿಯೂ ಇರಲಿಲ್ಲ. ನಾಲ್ಕು ದಿನದಲ್ಲಿ ಅಪ್ಪನಿಗೂ ಗೊತ್ತಾಯಿತು. ಊಟಕ್ಕೆ ಕೂತಾಗ ಅವರು ತಗ್ಗಿದ ದನಿಯಲ್ಲಿ ಹೇಳಿದರು: "ಎಷ್ಟ್ ದಿನ ಅಂತ ಮುಚ್ಚಿಡ್ತೀಯೆ? ಅವ್ರ ಮಗು ಅದು." ಅಮ್ಮ ಅವರ ತಟ್ಟೆಗೆ ಸಾರು ಬಡಿಸಿ ಒಳಗೆ ಹೋದಳು.

ಮುಂದಿನ ಸಲ ಭಾವ ಬರುವ ಹೊತ್ತಿಗೆ ಅವರಿಗೆ ಮರುಮದುವೆಯಾಗಿತ್ತು. ಪಾರು ಅಮ್ಮನ ಮಡಿಲಲ್ಲಿದ್ದಳು. ಭಾವ ಕೇಳಿದರು, ಅಮ್ಮ ಇನ್ನೂ ಇಲ್ಲ ಎಂದಳು. ಅಪ್ಪ ಕಿಟಕಿಯ ಕಡೆ ನೋಡಿದರು. ಭಾವ ಕಾಫಿ ಕುಡಿದು ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಅವರು ಎದ್ದದ್ದೇ ತಡ, ಪಾರು ಅಮ್ಮನ ಮಡಿಲಿಂದ ಜಾರಿ ಇಳಿದು, ಬಾಗಿಲಿಗೆ ನಡೆದುಹೋಗಿ, ಅವರ ಚಪ್ಪಲಿಯೊಂದನ್ನು ಎದೆಗವಚಿಕೊಂಡು ನಡೆದು ಬಂದು ಮುಂದೆ ಚಾಚಿದಳು. ಭಾವ ಅದನ್ನು ತೆಗೆದುಕೊಳ್ಳಲಿಲ್ಲ. ನಿಂತಲ್ಲೇ ಕುಳಿತು ಮಗುವಿನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ, "ಸೋಮ್ವಾರ ಇಬ್ರೂ ಬರ್ತೀವಿ ಅತ್ತೆ" ಎಂದರು. ಅಮ್ಮ "ಹೂಂ" ಎಂದಳು.

ಸೋಮವಾರ ಭಾವನ ಜೊತೆ ಬಂದ ಹೆಂಗಸು ತೆಳ್ಳಗೆ, ಮೆಲುಮಾತಿನವಳು. ಅಮ್ಮ ಅವಳ ಕೈಗೆ ಸರಿಹಿಟ್ಟಿನ ಡಬ್ಬ ಕೊಟ್ಟು, ಗಂಟಾಗದಂತೆ ಕಲಸುವುದನ್ನು ಹೇಳಿಕೊಟ್ಟಳು. "ಮಲಗೋವಾಗ ಕಿವಿ ಹಿಡ್ಕೋತಾಳೆ. ಬುಡಿಸ್ಬೇಡಮ್ಮ." ಅವಳು, "ಇಲ್ಲಮ್ಮ, ಬುಡಿಸಲ್ಲ" ಎಂದಳು. ಬಸ್ಸಿನ ಕಿಟಕಿಯಿಂದ ಪಾರು ನಮ್ಮ ಕಡೆ ಕೈ ಆಡಿಸುತ್ತ "ಬಾ, ಬಾ" ಎಂದಳು. ಬಸ್ಸು ಹೋಯಿತು. ಅಮ್ಮ ಮನೆಗೆ ಬಂದು ಪಡಸಾಲೆ ಗುಡಿಸಿದಳು, ಅನ್ನಕ್ಕಿಟ್ಟಳು, ದೀಪ ಹಚ್ಚಿದಳು. ಅಳಲಿಲ್ಲ. ನಾನೂ ಅಳಲಿಲ್ಲ, ಬೀದಿಗೆ ಹೋಗಿ ಕುಂಟಾಬಿಲ್ಲೆ ಆಡಿದೆ. ಬಹಳ ದಿನ ಅಮ್ಮ ಖಾಲಿ ಸೊಂಟವನ್ನು ಒಂದು ಕಡೆ ವಾಲಿಸಿಕೊಂಡೇ ನಡೆಯುತ್ತಿದ್ದಳು. ಅದು ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾವು ಹೇಳಲಿಲ್ಲ.

ಎರಡು ವರ್ಷದ ಮೇಲೆ ಯಡಿಯೂರಿನಲ್ಲಿ, ಸಿದ್ಧಲಿಂಗೇಶ್ವರನ ದರ್ಶನಕ್ಕೆ ಹೋದಾಗ, ಅವರೂ ಬಂದಿದ್ದರು. ಜಡೆ ಹಾಕಿಕೊಂಡಿದ್ದ ಪಾರು ತಾಯಿಯ ಸೆರಗಿನ ಹಿಂದೆ ಸರಿದು, "ಯಾರಮ್ಮ ಇವ್ರು?" ಎಂದು ಕೇಳಿದಳು. ಅಮ್ಮ ಆ ಹೆಂಗಸಿಗೆ, "ಚೆನ್ನಾಗ್ ಸಾಕಿದ್ದೀಯ ಕಣಮ್ಮ" ಎಂದಳು. ಅದು ನಿಜವೂ ಆಗಿತ್ತು. ಕೆಲವು ವರ್ಷಗಳಲ್ಲಿ ಅಮ್ಮ ಹೋದಳು, ಆಮೇಲೆ ಅಪ್ಪ. ಗುಬ್ಬಿಯ ಆ ಮನೆ ಕೆಡವಿದ ಜಾಗದಲ್ಲಿ ಈಗ ಅಂಗಡಿಗಳಿವೆ.

ಪಾರುವಿಗೂ ಈಗ ಬೆಳೆದ ಮಕ್ಕಳಿದ್ದಾರೆ. ಮೊನ್ನೆ ಬಟವಾಡಿಯ ಕ್ಲಿನಿಕ್ಕಿಗೆಂದು ಬಂದವಳು ನಮ್ಮ ಮನೆಗೂ ಬಂದಳು. ನಾನು ಹಳೆಯದನ್ನೆಲ್ಲ ಹೇಳಿದೆ. ಬೇರೆ ಯಾರದೋ ಮಗುವಿನ ಸುದ್ದಿ ಕೇಳುವವಳ ಹಾಗೆ ನಕ್ಕಳು. ಆಮೇಲೆ ಕೇಳಿದಳು: "ಚಿಕ್ಕಮ್ಮ, ನನ್ನ ಹೆತ್ತಮ್ಮನ ದನಿ ಹೆಂಗಿತ್ತು?"

ಆ ಮನೆಗೆ ಕೇಳಿಸುತ್ತಿದ್ದ ರೈಲಿನ ಕೂಗು ನನಗೆ ಈಗಲೂ ಕೇಳುತ್ತದೆ. ಅಮ್ಮನ "ಹೂಂ" ಕೇಳುತ್ತದೆ. ಪಾರು ಊದುವ ಸದ್ದು ಕೂಡ ಕೇಳುತ್ತದೆ. ಅಕ್ಕನ ದನಿಗಾಗಿ ಬಹಳ ಹೊತ್ತು ಕಿವಿಗೊಟ್ಟು ಕೂತೆ. ಏನೂ ಕೇಳಲಿಲ್ಲ.

"ನಿನ್ ಥರಾನೇ" ಎಂದೆ.

"ಹೌದಾ" ಎಂದಳು ಪಾರು, ತನ್ನ ದನಿಯನ್ನೇ ಮೊದಲ ಸಲ ಕೇಳಿಸಿಕೊಳ್ಳುವವಳಂತೆ.