ದೀಪದ ಕಂಬದಿಂದ ಕಡೆದ ವಾಲ್ವು

ಅಟ್ಟದ ಪೆಟ್ಟಿಗೆ ತೆಗೆದಾಗ ಮೊದಲು ಬಂದದ್ದು ಸುಟ್ಟ ಆಯಿಲ್ಲಿನ ವಾಸನೆ. ಆಮೇಲೆ ಕೈಗೆ ಸಿಕ್ಕಿತು, ಹೆಬ್ಬೆರಳು ಗಾತ್ರದ ಹಿತ್ತಾಳೆ ವಾಲ್ವು. ಅಲುಗಿಸಿದರೆ ಒಳಗಿನ ಗುಂಡು ಈಗಲೂ ಟಿಕ್ ಅನ್ನುತ್ತದೆ...

ಎಂಬತ್ತರ ದಶಕದ ಆರಂಭ. ಕಡೂರಿನಲ್ಲಿ ನಮ್ಮ ಪಕ್ಕದ ಮನೆಯವರು ಕೊಬ್ಬರಿ ವ್ಯಾಪಾರಿ. ಅವರ ಹಳೆಯ ವಿದೇಶಿ ಕಾರಿನಲ್ಲಿ, ಎಂಜಿನ್ನಿನ ಹೊಗೆಯನ್ನು ಹೊರಬಿಡದೆ ಮತ್ತೆ ಅದಕ್ಕೇ ಕಳಿಸಿ ಸುಡಿಸುವ ವಾಲ್ವು ಕೆಟ್ಟಿತ್ತು. ಹೊಗೆಯೆಲ್ಲ ಸೀಟಿಗೆ ಬರುತ್ತಿತ್ತು. ಅವರ ಹೆಂಡತಿಗೆ ಉಬ್ಬಸ. ಬಸ್ಸಿನ ಧೂಳು, ಬೀಡಿ ಹೊಗೆ ಆಗದು. ಕಾರೂ ಹೀಗಾದ ಮೇಲೆ ಆಕೆ ಅಮೃತಾಪುರದ ತವರು ಕಂಡಿರಲಿಲ್ಲ. ಈ ಗೌರಿ ಹಬ್ಬಕ್ಕೆ ಕರೆದೊಯ್ದೇ ತೀರುತ್ತೇನೆಂದು ಅವರು ಮಾತು ಕೊಟ್ಟಿದ್ದರು.

ಕಂಪನಿ ಆ ವಾಲ್ವು ಮಾಡುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು. ತರೀಕೆರೆಯ ಗುಜರಿಯಲ್ಲಿ ಸಿಕ್ಕಿದ್ದು ಕೂರಲಿಲ್ಲ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಸೀಮೆಎಣ್ಣೆ ಬುಡ್ಡಿಯ ಮುಂದೆ ಓದಿ ಪಡೆದ ಬಿ.ಎಸ್ಸಿ., ಅದರಿಂದಲೇ ಸಿಕ್ಕ ಮೇಷ್ಟ್ರ ಕೆಲಸ. ಕಾರಿನ ಇಂಗ್ಲಿಷ್ ಪುಸ್ತಕ ನೋಡಿ, ಅಳತೆ ಸಮೇತ ವಾಲ್ವಿನ ಚಿತ್ರ ಬರೆದುಕೊಟ್ಟೆ. ಆ ಹೆಮ್ಮೆ ಇವತ್ತಿಗೂ ಇದೆ. ಅಜ್ಜಂಪುರದ ಲೇತ್ ಅಂಗಡಿಯವರು ಗಟ್ಟಿ ಹಿತ್ತಾಳೆ ತನ್ನಿ ಅಂದರು.

ತವರಿನಿಂದ ಬಂದ ಜೋಡಿ ಹಿತ್ತಾಳೆ ದೀಪದ ಕಂಬಗಳಲ್ಲಿ ಒಂದನ್ನು ಆಕೆ ತಂದಿಟ್ಟರು.

"ದೀಪ ಕಡಿಸ್ತಾರೇನೇ? ತಲೆ ಕೆಟ್ಟೈತಾ ನಿಂಗೆ?" ಗಂಡ ರೇಗಿದರು.

"ಬೆಳಗಕ್ಕೆ ಇನ್ನೊಂದೈತಲ್ಲ ಬಿಡಿ. ಇದು ನನ್ನ ಉಸ್ರಿಗಾಗ್ಲಿ," ಎಂದು ಏದುಸಿರಿನಲ್ಲೇ ನಕ್ಕರು. "ಮೇಷ್ಟ್ರೇ, ನೀವಾದ್ರೂ ಹೇಳ್ರೀ ಇವ್ರಿಗೆ."

ವಾಲ್ವು ಬಂತು. ಅಷ್ಟರಲ್ಲಿ ಉಬ್ಬಸ ಹೆಚ್ಚಾಗಿ ಆಕೆ ತೀರಿಹೋಗಿದ್ದರು... ದೀಪ ಕಡಿಸಿದ್ದಕ್ಕೇ ಹೀಗಾಯಿತೆಂದು ಬೀದಿಯವರು ಆಡಿಕೊಂಡರು.

ಹಬ್ಬದ ಬೆಳಿಗ್ಗೆ ಆಕೆಯ ಗಂಡ ವಾಲ್ವು ಕೂರಿಸಿ, ಅಮೃತಾಪುರಕ್ಕೆ ಬನ್ನಿ ಎಂದು ನನ್ನನ್ನು ಕರೆದರು. ನಾನು ಮುಂದಿನ ಬಾಗಿಲಿಗೆ ಕೈ ಹಾಕಿದೆ.

"ಹಿಂದೆ ಕೂತ್ಕಳಿ ಮೇಷ್ಟ್ರೇ."

ಮುಂದಿನ ಸೀಟಿನ ಮೇಲೆ ಆಕೆಯ ಶಾಲು ಮಡಿಸಿಟ್ಟಿತ್ತು. ಗಾಜುಗಳನ್ನೆಲ್ಲ ಏರಿಸಿದ್ದರು. ತರೀಕೆರೆ ದಾಟಿದ ಮೇಲೆ ಕೇಳಿದರು, "ವಾಸ್ನೆ ಬತ್ತೈತಾ?"

"ಇಲ್ಲ," ಅಂದೆ. ನಿಜವಾಗಿಯೂ ಬರುತ್ತಿರಲಿಲ್ಲ.

ಅವರು ಶಾಲಿನ ಕಡೆ ತಿರುಗಿದರು. "ಕೇಳ್ದೇನೇ? ಮೇಷ್ಟ್ರೂ ಇಲ್ಲ ಅಂದ್ರು ಕಣೇ."

ಉಳಿದ ದಾರಿಯುದ್ದಕ್ಕೂ ಆ ಸೀಟಿನಿಂದ ಯಾರೋ ಸಲೀಸಾಗಿ ಉಸಿರಾಡುವುದು ಕೇಳಿಸುತ್ತಿತ್ತು... ಅಥವಾ ಅದು ಎಂಜಿನ್ನಿನ ಸದ್ದೇ ಇರಬೇಕು.

ಕಾರು ಗುಜರಿಗೆ ಹೋಗುವ ಮುನ್ನ ವಾಲ್ವು ಬಿಚ್ಚಿ ನನ್ನ ಕೈಗಿಟ್ಟರು. ಅವರೂ ಹೋಗಿ ಬಹಳ ವರ್ಷವಾಯಿತು. ಉಳಿದ ಒಂಟಿ ದೀಪ ಯಾರ ಮನೆಯಲ್ಲಿ ಉರಿಯುತ್ತಿದೆಯೋ ತಿಳಿಯದು.

ವಾಲ್ವನ್ನು ಮೂಗಿನ ಹತ್ತಿರ ಹಿಡಿದೆ. ಅಂದು ಕಾರಿನೊಳಕ್ಕೆ ಬಿಡದ ವಾಸನೆಯನ್ನೆಲ್ಲ ಅದು ತನ್ನಲ್ಲೇ ಇಟ್ಟುಕೊಂಡಿದೆ. ಬತ್ತೈತಾ ಎಂದು ಕೇಳುವವರು ಮಾತ್ರ ಈಗ ಯಾರೂ ಇಲ್ಲ.