ತೊಟ್ಟಿಲ ಕಂಬಳಿಯ ಉಣ್ಣೆ

ಗುಂಜೋಟಿಯ ಕುರಿ ಸಾಕುವ ಮನೆಗೆ ಸೊಸೆಯಾಗಿ ಬಂದವಳು ನಾನು. ಆಳಂದದ ಕಡೆಯ ನನ್ನ ತವರಿನಲ್ಲಿ ಕುರಿ ಕಂಡದ್ದು ಊಟದ ತಟ್ಟೆಯಲ್ಲಿ ಮಾತ್ರ. ಹಾಗಾಗಿ ಉಣ್ಣೆಯ ಕೆಲಸಕ್ಕೆ ಅತ್ತೆ ನನ್ನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ನನಗೂ ಅದು ಬೇಕಿರಲಿಲ್ಲ. ಆದರೆ ‘ನಿನಗ ಬರೂದಿಲ್ಲ ಬಿಡು’ ಅಂದಾಗಲೆಲ್ಲ ಮೈ ಉರಿಯುತ್ತಿತ್ತು.

ನಾದಿನಿ ಬಾಣಂತನಕ್ಕೆ ಬಂದಾಗಲೇ ಅತ್ತೆಗೆ ಕಣ್ಣಿನ ಪೊರೆಯ ಆಪರೇಶನ್ ಆಯಿತು. ಕಣ್ಣು ಮಾಯುವ ತನಕ ಧೂಳು ಸೋಕಬಾರದು ಎಂದರು ಡಾಕ್ಟರು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅಜ್ಜಿಯಾದವಳು ಮನೆಯ ಕುರಿಯ ಉಣ್ಣೆಯ ಕಂಬಳಿಯನ್ನೇ ಹಾಸಬೇಕು, ಅದು ಈ ಮನೆಯ ಪದ್ಧತಿ. ಉಣ್ಣೆ ನೋಡಿದರೆ ಕತ್ತರಿಸಿದ ಹಾಗೇ ಮೂಟೆಯಲ್ಲಿ ಬಿದ್ದಿತ್ತು.

‘ನಾ ಮಾಡ್ತೀನ್ರಿ ಅತ್ತಿ’ ಅಂದೆ.

ಅತ್ತೆ ಕಪ್ಪು ಕನ್ನಡಕದೊಳಗಿಂದಲೇ ನನ್ನನ್ನು ಅಳೆದರು. ‘ಅರೆ ದೇವಾ! ಕೂಸಿಗಿ ಒಂದ್ ಮುಳ್ಳ ಚುಚ್ಚಿದ್ರ ಬೀಗ್ರ ಮುಂದ ನಾ ಮಾರಿ ಎಲ್ಲಿ ಇಟ್ಕೊಳ್ಲಿ?’

ಬೇರೆ ದಾರಿ ಇರಲಿಲ್ಲ. ಅಂಗಳದಲ್ಲಿ ಮೂಟೆ ಸುರಿದೆ. ಜಿಡ್ಡು, ಹಿಕ್ಕೆ, ಹುಲ್ಲಿನ ಮುಳ್ಳು, ಮೇಲೆ ಆ ವಾಸನೆ, ಶಿವಶಿವಾ! ಅತ್ತೆ ಒಳಗೆ ಮುಚ್ಚಿದ ಗಾಜಿನ ಕಿಟಕಿಯ ಹಿಂದೆ ಕೂತು ಹುಕುಂ ಕೊಡತೊಡಗಿದರು. ಉಗುರುಬೆಚ್ಚನೆಯ ನೀರಲ್ಲಿ ನೆನೆಸಿ ಇನ್ನೇನು ತಿಕ್ಕಬೇಕು, ಒಳಗಿಂದ ಕೂಗು ಬಂತು: ‘ಏ ಹುಡುಗಿ, ತಿಕ್ಕಬ್ಯಾಡ! ಗಂಟ ಬೀಳ್ತದ. ನಿನ್ನ ಗಂಡನ ಪ್ಯಾಂಟ್ ಅದ ಏನು ಅದು?’

ಒಣಗಿದ ಮೇಲೆ ಎಳೆ ಎಳೆ ಬಿಡಿಸಿ ಮುಳ್ಳು ಹೆಕ್ಕಿದೆ. ಸೊಂಟ ಬಿದ್ದುಹೋಯಿತು. ಆಮೇಲೆ ಉಣ್ಣೆ ಹಿಂಜುವ ಬಿಲ್ಲು ಹಿಡಿದೆ. ಅದರ ಹುರಿಯನ್ನು ಉಣ್ಣೆಯೊಳಗೆ ಮಿಡಿದರೆ, ಅಬ್ಬಾ, ಮುದ್ದೆಯಾಗಿದ್ದದ್ದು ಉಬ್ಬಿ ಅರಳುತ್ತದೆ, ಧೂಳೆಲ್ಲ ಉದುರುತ್ತದೆ. ನನ್ನ ಹುಬ್ಬು, ಮೂಗು, ತಲೆಯೆಲ್ಲ ಉಣ್ಣೆ. ನಮ್ಮ ಮನೆಯವರು ಹೊಲದಿಂದ ಬಂದವರೇ, ‘ಇದ್ಯಾವ ಕುರಿ ಹಟ್ಟಿ ಬಿಟ್ಟು ಮನಿಗಿ ಬಂದದ?’ ಎಂದು ನಕ್ಕರು. ‘ಚಹಾ ನೀವೇ ಮಾಡ್ಕೋರಿ’ ಅಂದೆ. ಮಾಡಿಕೊಂಡರು, ನನಗೂ ತಂದರು. ನಿಜ ಹೇಳಬೇಕೆಂದರೆ, ಅಷ್ಟರಲ್ಲಿ ನನಗೆ ಆ ಕೆಲಸದ ಹುಚ್ಚು ಹಿಡಿದಿತ್ತು.

ಉಣ್ಣೆಯನ್ನು ನೂಲಲು ಬರುವಂತೆ ಹಂಜಿ ಮಾಡಿ ಸುತ್ತಿಟ್ಟೆ. ಪಕ್ಕದ ಮನೆಯ ಅಜ್ಜಿ ನೂತರು, ತುರೋರಿಯ ನೇಕಾರರು ಪುಟ್ಟ ಕಂಬಳಿ ನೆಯ್ದುಕೊಟ್ಟರು.

ತೊಟ್ಟಿಲ ದಿನ ಮನೆ ತುಂಬ ಜನ. ಅತ್ತೆಯ ಕಣ್ಣು ಮಾಯ್ದಿತ್ತು, ಕನ್ನಡಕ ಹೋಗಿತ್ತು. ಕಂಬಳಿ ಹಾಸಿ ಮೇಲೆ ಅಂಗೈ ಆಡಿಸಿದರು. ಅಂಗೈ ಒಂದು ಕಡೆ ನಿಂತುಬಿಟ್ಟಿತು.

‘ಏನದರೀ?’ ಎಂದು ಬೀಗಿತ್ತಿ ಬಗ್ಗಿದರು.

‘ಏನಿಲ್ರಿ. ಎಷ್ಟ್ ಮೆತ್ತಗದ ಅಂತ ನೋಡ್ಲತ್ತಿದ್ದೆ. ನಮ್ಮ ಸೊಸಿ ಹಿಂಜ್ಯಾಳ. ಆಕಿ ಕೈ ಭಾಳ ಚಲೋ ಅದ’ ಎನ್ನುತ್ತ ಅತ್ತೆ ಕೂಸನ್ನು ಮಲಗಿಸಿದರು. ಅದು ಕಮಕ್ ಕಿಮಕ್ ಎನ್ನದೆ ನಿದ್ದೆ ಹೋಯಿತು.

ನಾನು ಅಡುಗೆಮನೆಯಲ್ಲಿದ್ದಾಗ ಅತ್ತೆ ಬಂದು ನನ್ನ ಅಂಗೈ ಬಿಡಿಸಿ ಏನನ್ನೋ ಇಟ್ಟರು. ಕೂದಲಿನಷ್ಟು ಸಣ್ಣ ಹುಲ್ಲಿನ ಮುಳ್ಳು.

‘ಮುಂದಿನ ಸಲ ಉಣ್ಣಿ ಹಿಂಜೂವಾಗ ನನ್ನ ಬಾಜೂಕ ಕೂಡು’ ಅಂದರು. ‘ಬಿಲ್ಲು ನಿನ್ನ ಕೈಯಾಗೇ ಇರ್ಲಿ.’