ಎದುರು ನಿಂತು ಕಲಿಸಿದ ಕುಣಿತ

ನನ್ನ ತಂಗಿ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಬೆಡ್‌ಶೀಟು ಮಡಿಸುತ್ತಾಳೆ. ಕೇಳಿದವರೆಲ್ಲ ಮಡಿಸೋದು ತಾನೆ, ಅದೇನು ಕಷ್ಟ ಅನ್ನುತ್ತಾರೆ. ಅಂಥವರನ್ನು ಒಂದು ದಿನ ಲಾಂಡ್ರಿ ಇರುವ ಆ ನೆಲಮಾಳಿಗೆಯಲ್ಲಿ ನಿಲ್ಲಿಸಬೇಕು. ಯಂತ್ರದಿಂದ ಬಿಸಿಬಿಸಿಯಾಗಿ ಹೊರಬರುವ ಅಗಲವಾದ ಶೀಟುಗಳನ್ನು ಇಬ್ಬರು ಎದುರುಬದುರು ನಿಂತು, ಮೂಲೆ ಹಿಡಿದು, ಕೊಡವಿ, ಮಡಿಸಬೇಕು. ಹತ್ತಿರ ಬಂದು ಅಂಚು ಸೇರಿಸಬೇಕು, ಹಿಂದೆ ಸರಿಯಬೇಕು, ಮತ್ತೆ ಹತ್ತಿರ ಬರಬೇಕು. ಬೆಳಗಿನಿಂದ ಸಂಜೆಯವರೆಗೆ ಇದೇ. ಮಾತಿಲ್ಲ, ಸನ್ನೆಯಿಲ್ಲ. ಇವಳ ಬಲಗೈ ಎದ್ದರೆ ಎದುರಿನವಳ ಎಡಗೈ ತಾನಾಗಿ ಏಳುತ್ತದೆ. ವರ್ಷಗಟ್ಟಲೆ ಮಾಡಿ ಮಾಡಿ ಅದು ಅವಳ ಮೈಗೆ ಹತ್ತಿಬಿಟ್ಟಿದೆ.

ನಾವು ಮೂವರು ಎರಡು ಕೋಣೆಯ ಮನೆಯಲ್ಲಿದ್ದೇವೆ. ನಾನು, ತಂಗಿ, ಅವಳ ಮಗಳು. ಮಗುವಿನ ಅಪ್ಪ ಲಾರಿ ಹತ್ತಿ ಹೋದನೆಂದರೆ ಬಂದಾಗ ಬಂದ. ಮಗಳನ್ನು ನಾವು ಬುಗುರಿ ಅಂತ ಕರೆಯುತ್ತೇವೆ, ಅವಳು ನಿಂತಲ್ಲಿ ನಿಂತದ್ದನ್ನು ನಾನಂತೂ ಕಂಡಿಲ್ಲ. ಶಾಲೆಗಳ ನಡುವಿನ ಸ್ಪರ್ಧೆಗೆ ಗುಂಪು ನೃತ್ಯದಲ್ಲಿ ಅವಳನ್ನು ಆರಿಸಿದ ದಿನದಿಂದ ನನ್ನ ನೆಮ್ಮದಿ ಹಾಳಾಯಿತು. ನಾನು ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಚೀಲಗಳಿಗೆ ಜಿಪ್ಪು ಕೂರಿಸುವವಳು. ಇವಳು ಧಪಧಪ ಕುಣಿದರೆ ನನ್ನ ಹೊಲಿಗೆ ಸೊಟ್ಟಗಾಗುತ್ತಿತ್ತು. ಬೈದರೆ ಇನ್ನೊಂದು ಸುತ್ತು ಹೆಚ್ಚಿಗೆ ಕುಣಿಯುತ್ತಿದ್ದಳು.

ಅಷ್ಟರಲ್ಲಿ ಅವಳಿಗೆ ಮಂಗನಬಾವು ಬಂತು. ಎರಡೂ ಕೆನ್ನೆ ಊದಿಕೊಂಡು ಕತ್ತೇ ಕಾಣುತ್ತಿರಲಿಲ್ಲ. ಬಾವು ಇಳಿಯುವವರೆಗೆ ಶಾಲೆಗೆ ಕಳಿಸಬೇಡಿ ಅಂದರು ಡಾಕ್ಟರು. ಡ್ಯಾನ್ಸ್ ಮೇಷ್ಟ್ರು, ಅಷ್ಟು ದಿನ ತಪ್ಪಿಸಿಕೊಂಡರೆ ಅವಳ ಜಾಗಕ್ಕೆ ಬೇರೆ ಮಗುವನ್ನು ಹಾಕಿಕೊಳ್ಳುತ್ತೇನೆ ಅಂದರು. ಅವರ ತಪ್ಪೇನೂ ಇಲ್ಲ. ಆದರೆ ಮಗು ಕೆನ್ನೆ ಹಿಡಿದುಕೊಂಡು ಅತ್ತಿದ್ದನ್ನು ನೋಡಬೇಕಿತ್ತು. ಬಾಯಿ ತೆರೆದು ಅಳುವುದಕ್ಕೂ ಅದಕ್ಕೆ ನೋವು.

ತಂಗಿ ಮಾರನೆಯ ದಿನ ಕೆಲಸ ಮುಗಿದದ್ದೇ ನೇರ ಶಾಲೆಗೆ ಹೋದಳು.

"ಸಾರ್, ಅವಳ ಬದಲು ನಾನು ಬಂದು ಕಲ್ತ್ಕೊಂಡು ಹೋಗ್ತೀನಿ. ಮನೇಲಿ ಅವಳಿಗೆ ಹೇಳ್ಕೊಡ್ತೀನಿ. ಅವಳ ಜಾಗ ಮಾತ್ರ ತೆಗೀಬೇಡಿ" ಅಂದಳಂತೆ.

ಮೇಷ್ಟ್ರು ಆಗಲಿ ಅಂದುಬಿಟ್ಟರು. ಅಂದಿನಿಂದ ಸಂಜೆಯ ತರಗತಿಯಲ್ಲಿ ಮಕ್ಕಳ ಸಾಲಿನ ಹಿಂದೆ ಲಾಂಡ್ರಿಯ ನೀಲಿ ಅಂಗಿ ತೊಟ್ಟ ಒಬ್ಬ ಹೆಂಗಸು ಕೈಕಾಲು ಆಡಿಸತೊಡಗಿದಳು. ಮಕ್ಕಳು ಕಿಸಿಕಿಸಿ ನಗುತ್ತಿದ್ದವಂತೆ. ಅವಳಿಗೆ ನಾಚಿಕೆ ಪಡುವಷ್ಟು ತ್ರಾಣವೂ ಉಳಿದಿರಲಿಲ್ಲ. ಮೇಷ್ಟ್ರು ಮಕ್ಕಳಿಗೆ ಬೆನ್ನು ಹಾಕಿ ನಿಂತು ಹೆಜ್ಜೆ ತೋರಿಸುತ್ತಿದ್ದರು, ಇವಳು ಹಿಂದಿನಿಂದ ನೋಡಿಕೊಂಡು ಕಲಿಯುತ್ತಿದ್ದಳು. ಒಂದೂ ಬಿಡದೆ ಸರಿಯಾಗಿಯೇ ಕಲಿತಳು.

ಮನೆಗೆ ಬರುವ ಹೊತ್ತಿಗೆ ಅವಳ ಮೈ ಹಣ್ಣಾಗಿರುತ್ತಿತ್ತು. ಕಾಲು ಊದಿ ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಗೆರೆ ಕೊರೆದಿರುತ್ತಿತ್ತು. ಒಂದು ಲೋಟ ನೀರು ಕುಡಿದು, ಮಗುವಿನ ಎದುರು ನಿಂತು, "ಬಾ, ನಾನು ಮಾಡ್ದ ಹಾಗೇ ಮಾಡು" ಅನ್ನುತ್ತಿದ್ದಳು. ಗದ್ದಕ್ಕೆ ಬಟ್ಟೆ ಕಟ್ಟಿಕೊಂಡ ಬುಗುರಿ ಮಂಚದಿಂದಿಳಿದು ಅಮ್ಮನ ಮುಖ ನೋಡುತ್ತಾ ಕುಣಿಯುತ್ತಿತ್ತು. ಒಂದು ಸಲವಂತೂ ಎರಡೂ ಕೈ ಮೇಲೆತ್ತಿದ ತಂಗಿ ಹಾಗೇ ನಿಂತಲ್ಲೇ ತೂಕಡಿಸಿದಳು. ಅದೂ ಕುಣಿತದ ಭಂಗಿಯೇ ಇರಬೇಕೆಂದು ಮಗು ಕೈ ಎತ್ತಿಕೊಂಡು ಅಲುಗಾಡದೆ ನಿಂತಿತ್ತು. ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ಸಿಟ್ಟು ಬಂತು.

"ನಿಂಗೇನು ತಲೆ ಕೆಟ್ಟಿದ್ಯೇನೇ? ಒಂದು ಕುಣಿತಕ್ಕೆ ಪ್ರಾಣ ಬಿಡ್ತೀಯಾ?"

"ಅವಳ ಜಾಗ ಹೋಗ್ಬಾರ್ದು ಅಕ್ಕ" ಅಂದಳು. "ನಾನು ಆ ನೆಲಮಾಳಿಗೇಲಿ ನಿಂತಿರೋದು ಯಾರ ಕಣ್ಣಿಗೆ ಬೀಳತ್ತೆ? ಅವಳನ್ನಾದ್ರೂ ನಾಲ್ಕು ಜನ ನೋಡ್ಲಿ. ನಾನೂ ನೋಡ್ಬೇಕು."

ಬಾವು ಇಳಿದು ಬುಗುರಿ ಶಾಲೆಗೆ ಹೋದ ದಿನ ಅಭ್ಯಾಸ ನೋಡಲು ನಾವಿಬ್ಬರೂ ಹೋದೆವು. ಹಾಡು ಶುರುವಾಯಿತು. ಮಕ್ಕಳೆಲ್ಲ ಬಲಕ್ಕೆ ಹೋದವು, ಬುಗುರಿ ಎಡಕ್ಕೆ ಹೋಗಿ ಪಕ್ಕದವಳಿಗೆ ಢಿಕ್ಕಿ ಹೊಡೆದಳು. ಎಲ್ಲರೂ ಎಡಕ್ಕೆ ತಿರುಗಿದರೆ ಇವಳು ಬಲಕ್ಕೆ. ಮೇಷ್ಟ್ರು ಹಾಡು ನಿಲ್ಲಿಸಿ, ಇವಳೊಬ್ಬಳನ್ನೇ ಕುಣಿಸಿ ನೋಡಿದರು.

"ಹೆಜ್ಜೆ ಒಂದೂ ತಪ್ಪಿಲ್ಲ. ಆದ್ರೆ ಎಡ ಬಲ ಎಲ್ಲಾ ಅದಲುಬದಲು. ಕನ್ನಡಿ ಮುಂದೆ ಕಲಿತ್ಯಾ ಮರೀ?"

"ಇಲ್ಲ, ಅಮ್ಮನ್ನ ನೋಡಿ ಕಲಿತೆ."

ನನ್ನ ತಂಗಿ ಪಕ್ಕದಲ್ಲಿದ್ದ ಬೆಂಚಿನ ಮೇಲೆ ಕುಸಿದು ಕೂತಳು. "ಎದುರು ನಿಂತ್ಕೊಂಡು ಕಲಿಸ್ದೆ ಅಕ್ಕ. ಶೀಟು ಮಡಿಸೋ ಹಾಗೆ ಎದುರು ನಿಂತ್ಬಿಟ್ಟೆ" ಅಂದಳು. ನನಗೆ ಅವಳ ಮೇಲೆ ಕೋಪ ಬರಲಿಲ್ಲ. ಅಷ್ಟು ದಿನದ ದುಡಿಮೆ ಮಣ್ಣುಪಾಲಾಯಿತಲ್ಲ ಅನ್ನಿಸಿತು.

ಸ್ಪರ್ಧೆಗೆ ಮೊದಲು ಇನ್ನೊಂದು ದೊಡ್ಡ ಅಭ್ಯಾಸವಿದೆ, ಅಷ್ಟರೊಳಗೆ ಸರಿಹೋದರೆ ಇರಲಿ, ಇಲ್ಲದಿದ್ದರೆ ನನ್ನ ಕೈಲಿ ಆಗುವುದಿಲ್ಲ ಎಂದರು ಮೇಷ್ಟ್ರು.

ಅವತ್ತಿನಿಂದ ತಂಗಿ ಮಗುವಿಗೆ ಬೆನ್ನು ಹಾಕಿ, ಗೋಡೆ ನೋಡಿಕೊಂಡು ಕುಣಿದಳು. ಮಗು ಹಿಂದೆ ನಿಂತು ಕುಣಿಯಿತು. ಸರಿಯಾಗಿ ಮಾಡುತ್ತಿದೆಯೋ ಇಲ್ಲವೋ ಎಂದು ಇವಳು ತಿರುಗಿ ನೋಡಿದರೆ ಮುಗಿಯಿತು, ಅಮ್ಮನ ಮುಖ ಕಂಡದ್ದೇ ತಡ ಮಗುವಿನ ಕಾಲು ಹಳೆಯ ದಾರಿಗೇ ಹೋಗುತ್ತಿತ್ತು. ಹಾಗಾಗಿ ಕಾಯುವ ಕೆಲಸ ನನ್ನ ತಲೆಗೆ ಬಂತು. ಜಿಪ್ಪು ಕೂರಿಸುತ್ತಲೇ "ಬಲ ಕಣೇ, ಬಲ!" ಅಂತ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ಬೆನ್ನು ಕಂಡರೆ ಸರಿ, ಮುಖ ಕಂಡರೆ ತಪ್ಪು. ಇಂಥ ಪಾಠವನ್ನು ನಾನು ಎಲ್ಲೂ ಕಂಡಿಲ್ಲ.

ದೊಡ್ಡ ಅಭ್ಯಾಸದ ದಿನ ತಂಗಿಗೆ ಕೆಲಸದಿಂದ ಬರುವುದು ತಡವಾಯಿತು. ನಾನೊಬ್ಬಳೇ ಹೋಗಿ ಕೂತಿದ್ದೆ. ಬುಗುರಿ ಎಲ್ಲರ ಜೊತೆ ಬಲಕ್ಕೆ ಹೋದಳು, ಎಡಕ್ಕೆ ತಿರುಗಿದಳು, ಚೆಂದವಾಗಿ ಕುಣಿದಳು. ಅರ್ಧ ಹಾಡು ಮುಗಿದಿತ್ತು. ಆಗ ವೇದಿಕೆಯ ಎದುರಿನ ಬಾಗಿಲು ತೆರೆದು ತಂಗಿ ಒಳಗೆ ಬಂದಳು. ಹಾಡು ಕಿವಿಗೆ ಬಿದ್ದದ್ದೇ ಅವಳ ಕೈ ತಾನಾಗಿ ಅಲುಗಿತು. ಮಗು ನೋಡಿತು. ಅಲ್ಲಿಗೆ ಎಡ ಬಲ ತಲೆಕೆಳಗಾಗಿ, ಸಾಲು ಚೆಲ್ಲಾಪಿಲ್ಲಿಯಾಯಿತು.

ಮೇಷ್ಟ್ರು ಕೆಳಗಿಳಿದು ಬಂದರು. ಅವರೂ ಸೋತಿದ್ದರು, ಬೈಯಲಿಲ್ಲ.

"ನೋಡಿಮ್ಮ, ಮಗು ಕಲ್ತಿದೆ. ಅದನ್ನ ತೆಗೆಯಲ್ಲ. ಆದ್ರೆ ಸ್ಪರ್ಧೆ ದಿನ ನೀವು ಒಳಗೆ ಕೂರೋ ಹಾಗಿಲ್ಲ. ನಿಮ್ಮ ಮುಖ ಕಂಡ್ರೆ ಮತ್ತೆ ಇದೇ ಆಗತ್ತೆ."

"ಎಲ್ಲಾದ್ರೂ ಹಿಂದೆ, ಮೂಲೇಲಿ ಕೂತ್ಕೋತೀನಿ ಸಾರ್."

"ಅವಳು ಹುಡುಕ್ತಾಳಮ್ಮ."

ತಂಗಿ ಮಗಳ ಕಡೆ ನೋಡಿದಳು. ಆಮೇಲೆ "ಆಗ್ಲಿ ಸಾರ್" ಅಂದಳು. ಅವಳು ವಾದ ಮಾಡುತ್ತಾಳೆ ಅಂದುಕೊಂಡಿದ್ದೆ. ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಸ್ಪರ್ಧೆಯ ದಿನ ಅವಳು ರಜೆ ಹಾಕಿದಳು. ಮಗುವಿನ ತಲೆ ಬಾಚಿ, ಸೊಂಟದ ಪಟ್ಟಿ ಬಿಗಿದು, ಮೇಷ್ಟ್ರ ಕೈಗೆ ಒಪ್ಪಿಸಿ ಹೊರಗೆ ಉಳಿದಳು. ಸಭಾಂಗಣದ ಹೊರಗಿನ ವರಾಂಡದಲ್ಲಿ ಮುರಿದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಅದರ ಪಕ್ಕದ ಸ್ಟೂಲಿನ ಮೇಲೆ ಮಗುವಿನ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಒಳಗೆ ಹೋದೆ. ಬಾಗಿಲು ಹಾಕಿಕೊಂಡಿತು.

ಬುಗುರಿ ಒಂದೇ ಒಂದು ಕಡೆಯೂ ತಪ್ಪಲಿಲ್ಲ. ಬಲಕ್ಕೆ ಅಂದರೆ ಬಲಕ್ಕೆ ಹೋದಳು, ಎಡಕ್ಕೆ ಅಂದರೆ ಎಡಕ್ಕೆ. ನೋಡಬೇಕಾದವಳು ಹೊರಗೆ ಕೂತು, ಇಷ್ಟು ದಿನ ಗೊಣಗಿದ ನಾನು ಮುಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದೆನಲ್ಲ, ಆ ಸಂಕಟಕ್ಕೆ ನನಗೆ ಚಪ್ಪಾಳೆ ತಟ್ಟಲೂ ಕೈ ಬರಲಿಲ್ಲ. ಬಹುಮಾನ ಬೇರೆ ಶಾಲೆಗೆ ಹೋಯಿತು. ಹೋಗಬೇಕಾದದ್ದೇ, ಅವರ ಮಕ್ಕಳು ಇನ್ನೂ ಚೆನ್ನಾಗಿ ಕುಣಿದಿದ್ದವು.

ಹೊರಗೆ ಬಂದೆ. ತಂಗಿ ಎದ್ದು ನಿಂತಳು.

"ಯಾರಿಗಾದ್ರೂ ಢಿಕ್ಕಿ ಹೊಡೆದ್ಲಾ?"

"ಇಲ್ಲ."

"ಎಲ್ಲರ ಜೊತೇಗೇ ಹೋದ್ಲಾ?"

"ಹೋದ್ಲು ಕಣೇ. ಎಷ್ಟು ಚೆನ್ನಾಗಿ ಮಾಡಿದ್ಲು ಅಂತೀಯಾ!"

ಅಷ್ಟರಲ್ಲಿ ಬುಗುರಿ ಬರಿಗಾಲಲ್ಲಿ ಓಡಿ ಬಂದು ಅಮ್ಮನ ಸೊಂಟ ಹಿಡಿದುಕೊಂಡಳು. ಮುಖವೆಲ್ಲ ಬೆವರು, ಬಣ್ಣ, ಹಿಗ್ಗು.

"ಅಮ್ಮಾ, ಪೂರ್ತಿ ಹಾಡು ಮುಗಿಯೋವರೆಗೂ ಒಂದು ಸಲಾನೂ ನೀನು ನೆನಪಾಗ್ಲಿಲ್ಲ!"

"ಜಾಣೆ ಕಣೇ ನೀನು" ಅಂದಳು ತಂಗಿ. ಅಂಗಿಯ ತೋಳಿನಿಂದ ಮಗಳ ಮುಖ ಒರೆಸತೊಡಗಿದಳು. ಬೆವರು ಹೋಯಿತು, ಬಣ್ಣವೂ ಹೋಯಿತು, ಅವಳು ಒರೆಸುತ್ತಲೇ ಇದ್ದಳು. ಉರಿಯುತ್ತೆ ಬಿಡಮ್ಮ ಅಂತ ಮಗು ಮುಖ ತಿರುಗಿಸಿಕೊಂಡಿತು.